ಬಿಸಿಲ್ಗುದುರೆಯ ಮೇಲೆ ಹರಿಗೋಲು

ನಮ್ಮ ಊರಿಗೆ ಬರುವ ಪ್ರವಾಸಿಗರಿಗೆ ಮೊದಲು ಕಲಿಸುವುದು ಹಿಂದಕ್ಕೆ ನಡೆಯುವುದನ್ನು. ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ಬ್ಯಾಗನ್ನು ನೆಲಕ್ಕಿಡುವ ಮೊದಲೇ ಯಾರಾದರೊಬ್ಬರು ಬಂದು ಅವರ ಭುಜ ಹಿಡಿದು ತಿರುಗಿಸಿ, ಒಂದಷ್ಟು ದೂರ ಹಿಮ್ಮುಖವಾಗಿ ನಡೆಸಿ, ಯಾರು ಎಡವುತ್ತಾರೆ ಎಂದು ನೋಡಿಕೊಳ್ಳುತ್ತಾರೆ. ಎಡವಿದವರಿಗೆ ಒಂಟೆ ಸವಾರಿ, ಮರಳದಿಬ್ಬದ ಮೇಲಿನ ಜಾರುಮಣೆ, ಹಳೆಯ ಉಪ್ಪಿನ ಉಗ್ರಾಣದೊಳಗಿನ ಮ್ಯೂಸಿಯಂ, ಸಂಜೆ ದಿಬ್ಬದ ಬುಡದಲ್ಲಿ ಹಲಗೆ ಬಡಿತ, ಕುಣಿತ. ಎಡವದವರಿಗೆ ಇವೆಲ್ಲದರ ಜೊತೆಗೆ ಕುದುರೆ.

ಕುದುರೆ ಅಂದರೆ ಬಿಸಿಲ್ಗುದುರೆ. ಮಾಳಿಗೆಯ ಮೇಲಿಟ್ಟ ತಾಮ್ರದ ಕೊಡವನ್ನು ಬರಿಗೈಯಲ್ಲಿ ಮುಟ್ಟಲಾಗದಷ್ಟು ಬಿಸಿಲೇರಿದಾಗ ಅದು ಮೂಡಣ ಬಯಲಿನಲ್ಲಿ ಬಂದು ನಿಲ್ಲುತ್ತದೆ. ಮೊದಲು ಕಂಡವರು ಮಾಳಿಗೆಯಿಂದ “ಕುದುರಿ ಬಂತು” ಎಂದು ಕೂಗುತ್ತಾರೆ. ಪಾರಿವಾಳದ ಗೋಪುರದ ನೆರಳು ಸಂತೆಕಟ್ಟೆಯನ್ನು ಮುಟ್ಟುವ ಹೊತ್ತಿಗೆ ಅದು ಹೊರಟುಹೋಗುತ್ತದೆ. ಆ ನೀರು ಒದ್ದೆ ಮಾಡುವುದಿಲ್ಲ, ತಂಪು ಮಾಡುತ್ತದೆ. ಊರಿನ ಹೆಂಗಸರು ಕಂಬಳಿ, ಕೌದಿಗಳನ್ನು ಅದರಲ್ಲಿ ಅದ್ದಿ ತಂದು ಮನೆಯ ಮುದುಕರಿಗೆ ಹೊದಿಸುತ್ತಾರೆ. ಅವರು ಸಂಜೆಯವರೆಗೆ ಸುಖವಾಗಿ ನಿದ್ದೆ ಹೊಡೆಯುತ್ತಾರೆ. ಪ್ರವಾಸಿಗರೂ ಆಸೆಪಟ್ಟು ಶಾಲು ಅದ್ದಿಕೊಳ್ಳುವುದುಂಟು. ಬಸ್ಸು ಊರಿನ ಕಮಾನು ದಾಟುತ್ತಲೇ ಅದು ಬರೀ ಶಾಲಾಗಿಬಿಡುತ್ತದೆ.

ನೋಡುತ್ತ ಹೋದರೆ ಕುದುರೆ ಸಿಗುವುದಿಲ್ಲ. ನೀವು ಎಷ್ಟು ನಡೆದಿರೋ ಅಷ್ಟೇ ಅದೂ ಹಿಂದೆ ಸರಿಯುತ್ತದೆ. ಬೆನ್ನು ಹಾಕಿ ನಡೆದರೆ ಮಾತ್ರ ಅದೇ ಹತ್ತಿರ ಬರುತ್ತದೆ. ಹಾಗಾಗಿ ನಮ್ಮವರು ಹರಿಗೋಲಿಗೆ ಹಗ್ಗ ಕಟ್ಟಿ, ಊರಿನತ್ತ ಮುಖ ಮಾಡಿ, ಹಗ್ಗಜಗ್ಗಾಟದವರಂತೆ ಎಳೆಯುತ್ತ ಹಿಂದೆ ಹಿಂದೆ ಹೋಗುತ್ತಾರೆ. ಮೊದಲು ಹಿಮ್ಮಡಿ ತಣ್ಣಗಾಗುತ್ತದೆ, ಆಮೇಲೆ ಮೀನಖಂಡ. ಅಷ್ಟರಲ್ಲಿ ಮರಳ ಮೇಲೆ ಕರಕರ ಅನ್ನುತ್ತಿದ್ದ ಹರಿಗೋಲು ಸದ್ದಿಲ್ಲದೆ ತೇಲಿಬಂದು ಮಂಡಿಗೆ ಬಡಿಯುತ್ತದೆ. ಹತ್ತಿ ಕೂತರೆ ಆಯಿತು. ಕಾಲು ಮರಳು ಬಿಟ್ಟ ಮೇಲೆ ಎತ್ತ ಬೇಕಾದರೂ ನೋಡಬಹುದು, ಕುದುರೆ ಬೆದರುವುದಿಲ್ಲ.

ನಾನು ಓದಿದ್ದು ಭೌತವಿಜ್ಞಾನ, ಅದರಲ್ಲೂ ಬೆಳಕಿನ ಶಾಸ್ತ್ರ. ಈ ಊರಿಗೆ ಬರುವ ಮೊದಲು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಕಾದ ನೆಲ, ಅದರ ಮೇಲೆ ಬಿಸಿ ಗಾಳಿಯ ಪದರ, ಬಾಗುವ ಕಿರಣ, ತಲೆಕೆಳಗಾದ ಮರ ಇಷ್ಟನ್ನೂ ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆ ಚಿತ್ರ ಈಗಲೂ ಸರಿಯೇ. ಅದರಲ್ಲಿ ಹರಿಗೋಲು ಒಂದು ಇರಲಿಲ್ಲ, ಅಷ್ಟೆ.

ಮೊದಲ ಸಲ ಬಂದದ್ದು ವಿದ್ಯಾರ್ಥಿಗಳ ಜೊತೆ, ಪ್ರವಾಸಕ್ಕೆ. ವಿದ್ಯಾರ್ಥಿಗಳೆಲ್ಲ ಹಿಂದಕ್ಕೆ ನಡೆದು, ಕಿರುಚಾಡಿ, ತೇಲಿ ಬಂದರು. ನಾನು ದಡದಲ್ಲಿ ಉಳಿದೆ, ಏಕೆಂದರೆ ನನ್ನ ಕೈಯಲ್ಲಿ ದುರ್ಬೀನು ಇತ್ತು. ನೋಡದೆ ಹೋಗಿ ಎಂದು ಎಲ್ಲರೂ ಹೇಳಿದರು. ನೋಡದೆ ಇರುವುದಕ್ಕೆ ಇಷ್ಟು ದೂರ ಬರಬೇಕಿತ್ತೆ ಎಂದು ನಾನು ಕೇಳಿದೆ. ಹರಿಗೋಲು ಹೆಣೆಯುವ ಗದಿಗೆಪ್ಪನೆಂಬ ಯುವಕ ಪಕ್ಕದಲ್ಲೇ ಕೂತು ಬಿದಿರು ಸೀಳುತ್ತಿದ್ದ. “ಖರೇ ಅದ್ರೀ ನಿಮ್ಮ ಮಾತು,” ಅಂದ. ಊರಿನಲ್ಲಿ ನನ್ನ ಪಕ್ಷ ವಹಿಸಿದವನು ಅವನೊಬ್ಬನೇ. ಮರುವರ್ಷ ನನ್ನನ್ನು ನೋಡಲು ನಮ್ಮ ಮನೆಗೆ ಬಂದ.

ಅವನು ಬಂದ ರೀತಿಯನ್ನು ಹೇಳಲೇಬೇಕು. ನಮ್ಮ ಊರಿನವರಿಗೆ ತುಂಬ ಆಸೆಪಟ್ಟದ್ದರ ಹತ್ತಿರ ಮುಖ ಕೊಟ್ಟು ಹೋಗಲು ಬರುವುದಿಲ್ಲ. ಹೋದರೆ ಅದು ದೂರ ಸರಿಯುತ್ತದೆ ಎಂಬ ಅಂಜಿಕೆ ಮೈಯಲ್ಲಿ ಇಳಿದುಬಿಟ್ಟಿದೆ. ಮಿಠಾಯಿ ಅಂಗಡಿಗೆ ಬೆನ್ನು ಮುಂದೆ ಮಾಡಿ ಹೋಗುತ್ತಾರೆ. ತವರಿಗೆ ಹೊರಟ ಹೆಂಗಸರು ಬಸ್ಸನ್ನು ಹಿಮ್ಮುಖವಾಗಿಯೇ ಹತ್ತುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಎಲ್ಲರೂ ನೆಟ್ಟಗೆ ನಡೆದು ಹೋಗುತ್ತಾರೆ, ಶಾಲೆಗೆ ಮಕ್ಕಳೂ ಅಷ್ಟೆ. ಗದಿಗೆಪ್ಪ ನಮ್ಮ ಗೇಟಿನಿಂದ ಬಾಗಿಲವರೆಗೆ ಹಿಂದಕ್ಕೇ ನಡೆದು ಬಂದ. ಆಗಷ್ಟೇ ಹೊರಬಂದ ಅಪ್ಪನಿಗೆ ಅವನ ಬೆನ್ನು ಕಂಡು, ವರ ಬೇಸರಪಟ್ಟು ಹೊರಟುಹೋಗುತ್ತಿದ್ದಾನೆ ಅನ್ನಿಸಿತು. “ಅಯ್ಯೋ, ಇರಿ, ಕಾಫಿ ಆಗ್ತಿದೆ,” ಎಂದು ಓಡಿಹೋಗಿ ಅವನ ತೋಳು ಹಿಡಿದರು. ಹೊರಟವನು ಹತ್ತಿರ ಹತ್ತಿರ ಬರುತ್ತಿದ್ದುದು ಅವರ ಗಮನಕ್ಕೆ ಬರಲಿಲ್ಲ. ನನ್ನ ಗಮನಕ್ಕೆ ಬಂತು. ಒಪ್ಪಿದೆ.

ಮದುವೆಯಾಗಿ ಬಂದ ಮೇಲೂ ನನ್ನ ತೊಂದರೆ ಹಾಗೇ ಉಳಿಯಿತು. ತೊಂದರೆ ಇದ್ದದ್ದು ಕುತ್ತಿಗೆಯಲ್ಲಿ. ಬೆನ್ನ ಹಿಂದೆ ಒಂದು ಘಟನೆ ನಡೆಯುತ್ತಿದೆ, ಅದನ್ನು ನಾನು ನೋಡುತ್ತಿಲ್ಲ ಎಂದರೆ ನನ್ನ ತಲೆ ತಾನಾಗಿ ತಿರುಗುತ್ತದೆ. ಅಳತೆ ಸರಿಯಿದೆಯೇ ಎಂದು ಮತ್ತೆ ಮತ್ತೆ ನೋಡುವ ಚಾಳಿ ಪ್ರಯೋಗಾಲಯದಲ್ಲಿ ಗುಣವೆನ್ನಿಸಿಕೊಂಡಿತ್ತು. ಇಲ್ಲಿ ಅದು ಕುದುರೆಯನ್ನು ಓಡಿಸಿತು. ಕುದುರೆ ಒಬ್ಬರಿಗೆ ಬೆದರಿದರೆ ಎಲ್ಲರಿಂದಲೂ ಓಡುತ್ತದೆ. ಹಂಗಾಮಿಗೊಮ್ಮೆ ನಾನು ಹಗ್ಗ ಹಿಡಿದು ಹೋದಾಗಲೆಲ್ಲ, ಅಷ್ಟು ಹೊತ್ತಿಗೆ ತೇಲುತ್ತಿದ್ದ ಇತರರ ಹರಿಗೋಲುಗಳೂ ದೊಪ್ಪನೆ ಮರಳಿಗೆ ಕೂತವು. ಅವುಗಳೊಳಗಿನ ಪ್ರವಾಸಿಗರು ಬುಟ್ಟಿಯಲ್ಲಿಟ್ಟ ಬದನೆಕಾಯಿಗಳ ಹಾಗೆ ಸುತ್ತಲೂ ಪಿಳಿಪಿಳಿ ನೋಡುತ್ತಿದ್ದರು. “ಪ್ರೊಫೆಸರ್ ಸೊಸಿ ತಿರುಗಿದ್ಲು” ಎಂಬುದು ಊರಿನಲ್ಲಿ ಮಾತಾಯಿತು. ಸಾರು ಸೀದರೂ ಹಾಗೆ ಅನ್ನುತ್ತಿದ್ದರು, ಸೈಕಲ್ ಪಂಕ್ಚರ್ ಆದರೂ ಅನ್ನುತ್ತಿದ್ದರು. ಹರಿಗೋಲು ಹೆಣೆಯುವವನ ಹೆಂಡತಿಯಾಗಿ ನಾನು ಒಂದು ಸಲವೂ ತೇಲಿರಲಿಲ್ಲ. ದಡದಲ್ಲಿ ಮಜ್ಜಿಗೆ ಮಾರುತ್ತಿದ್ದೆ. ಮಜ್ಜಿಗೆ ಚೆನ್ನಾಗಿರುತ್ತಿತ್ತು, ಶುಂಠಿ ಕಡಿಮೆ ಎಂದು ಅತ್ತೆ ಹೇಳುತ್ತಿದ್ದರು, ಅಷ್ಟೆ.

ನಮ್ಮಲ್ಲಿ ಪ್ರವಾಸಿಗರನ್ನು ನೀರಿಗೆ ಕರೆದೊಯ್ಯುವುದು ಹೆಂಗಸರ ಕೆಲಸ. ಗಂಡಸರಿಗೆ ಕುತ್ತಿಗೆ ನಿಲ್ಲುವುದಿಲ್ಲ ಎಂದು ಹಿಂದಿನವರು ನಿರ್ಧರಿಸಿದ್ದಾರೆ. ಗಂಡಸರು ಹೆಣೆಯುತ್ತಾರೆ, ಒಂಟೆ ನಡೆಸುತ್ತಾರೆ, ಜಾರುಮಣೆಗೆ ಎಣ್ಣೆ ಹಚ್ಚುತ್ತಾರೆ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಉಪಾಯ. ಪಕ್ಕದ ಮನೆಯ ಫಕೀರವ್ವ ಹಾಡುತ್ತಾಳೆ. ಅವಳ ಬಾಯನ್ನೇ ನೋಡುತ್ತ ಪ್ರವಾಸಿಗರು ನಡೆಯುತ್ತಾರೆ. ನಮ್ಮ ಅತ್ತೆ ಶಿವಗಂಗವ್ವ ಬೈಯುತ್ತಾರೆ. ಎಂಥ ದೊಡ್ಡ ಸಾಹೇಬರಾದರೂ “ತಿರುಗಿದಿ ಅಂದ್ರ ನಿನ್ನ ಕುತ್ತಿಗಿಗೆ ಹಗ್ಗ ಕಟ್ಟತೀನಿ ನೋಡಪಾ” ಎಂದು ಅವರು ಹೇಳಿದ ಮೇಲೆ ತಿರುಗಿದ್ದಿಲ್ಲ. ಒಂದು ಹಂಗಾಮಿನಲ್ಲಿ ಎರಡು ಸಲ ಕುದುರೆಯನ್ನು ಬೆದರಿಸಿದ ಮನೆಯವರು ಹರಿಗೋಲನ್ನು ಮಾಳಿಗೆಯ ಮೇಲೆ ಬೋರಲು ಹಾಕಬೇಕು, ಮುಂದಿನ ಹಂಗಾಮಿನವರೆಗೆ ಅದನ್ನು ಇಳಿಸುವಂತಿಲ್ಲ. ಶಿವಗಂಗವ್ವನ ಹರಿಗೋಲು ಎಂದೂ ಬೋರಲು ಬಿದ್ದಿರಲಿಲ್ಲ.

ಈ ಹಂಗಾಮಿನಲ್ಲಿ ನಾನೇ ಹಟ ಹಿಡಿದು ಒಮ್ಮೆ ಹಗ್ಗ ಹಿಡಿದೆ, ಹಿಮ್ಮಡಿಗೆ ತಂಪು ತಾಕಿತೋ ಇಲ್ಲವೋ ಎಂಬ ಸಂಶಯ ಬಂತು, ತಿರುಗಿದೆ. ಅದು ಒಂದನೆಯದು. ಆಮೇಲೆ ಅತ್ತೆ ಸಂತೆಗೆ ಹೋದಾಗ ಹೊಸದಾಗಿ ಬಂದ ಕಲ್ಲಂಗಡಿ ರಾಶಿಯನ್ನು ದೂರದಿಂದ ಕಂಡು, ಬಾಯಲ್ಲಿ ನೀರೂರಿ, ಬೆನ್ನು ತಿರುಗಿಸಿ ಅದರತ್ತ ನಡೆದರು. ನಡುವೆ ಒಂದು ಆಡು ಮಲಗಿತ್ತು. ಕಾಲು ಉಳುಕಿತು. ಮರುದಿನ ಬೆಳಗಿನ ಬಸ್ಸಿಗೆ ನಮ್ಮ ಮನೆಯ ಪಾಳಿಯ ಪ್ರವಾಸಿಗರು ಬರುವವರಿದ್ದರು.

ಕಾಲಿಗೆ ಅರಿಶಿನ, ಸುಣ್ಣ ಮೆತ್ತಿಸಿಕೊಂಡು ಅತ್ತೆ ಮಂಚದ ಮೇಲೆ ಕೂತಿದ್ದರು. “ಫಕೀರವ್ವಗ ಪಾಳಿ ಬಿಟ್ಟುಕೊಡೋಣು,” ಎಂದ ಗದಿಗೆಪ್ಪ.

“ಆಕಿಗ ಬಿಟ್ಟುಕೊಡಾಕ ನನ್ನ ಕಾಲು ಉಳುಕೈತಿ, ತಲಿ ಅಲ್ಲ,” ಎಂದರು ಅತ್ತೆ. ಆಮೇಲೆ ನನ್ನ ಕಡೆ ನೋಡಿ, “ಚಾರುಮತೀ, ನೀ ಹೋಗ,” ಅಂದರು.

“ಅತ್ತೆ, ನಾನು ತಿರುಗಿದರೆ?”

“ತಿರುಗಿದರ ಹರಿಗೋಲು ಮಾಳಿಗಿ ಮ್ಯಾಲ ಹೋಗತೈತಿ. ಅದರ ಮ್ಯಾಲ ಹಪ್ಪಳ ಒಣಗಸೋದು. ನನಗೇನ, ನಾ ಎಷ್ಟು ವರ್ಷ ತೇಲೀನಿ. ತೇಲದಾಕಿ ನೀ.” ಇಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿದರು. ಮತ್ತೆ ಇತ್ತ ತಿರುಗಿ, “ಬೈಯೋದು ಮರೀಬ್ಯಾಡ. ಮೆತ್ತಗ ಹೇಳಿದರ ಯಾರೂ ಕೇಳೂದಿಲ್ಲ,” ಎಂದರು.

ಬಂದವರು ಮೂವರು. ರೈಲ್ವೆಯಲ್ಲಿ ಸೇತುವೆಗಳನ್ನು ಕಟ್ಟಿಸಿ ನಿವೃತ್ತರಾದ ರುಕ್ಮಾಂಗದ ರಾಯರು, ಅವರ ಹೆಂಡತಿ ವನಮಾಲಾ, ವನಮಾಲಾ ಅವರ ಅಕ್ಕ ಪದ್ಮಾಸನಿಯಮ್ಮ. ರಾಯರು ಬಸ್‌ಸ್ಟ್ಯಾಂಡಿನ ಪರೀಕ್ಷೆಯಲ್ಲಿ ಎಡವಲಿಲ್ಲ, ಆದರೆ ಪ್ರತಿ ಹೆಜ್ಜೆಗೂ ಭುಜದ ಮೇಲಿಂದ ಹಿಂದೆ ನೋಡಿದರು. ಪದ್ಮಾಸನಿಯಮ್ಮ ದಪ್ಪನೆಯ ಮೈಯವರು, ಹೆದರಿಕೆಯವರು; ವನಮಾಲಾ ಕೈ ಹಿಡಿದು ನಡೆಸಿದರೆ ಸರಿಯಾಗಿ ನಡೆಯುತ್ತಿದ್ದರು.

ಬೆಳಗಿನ ಹೊತ್ತು ಚೆನ್ನಾಗಿ ಕಳೆಯಿತು. ದಿಬ್ಬದ ಮೇಲೆ ಗದಿಗೆಪ್ಪ ಮಣೆಗೆ ಎಣ್ಣೆ ಸವರಿಕೊಟ್ಟ. ವನಮಾಲಾ ಸೆರಗು ಬಿಗಿದು ಕೂತು, ಕಣ್ಣು ಮುಚ್ಚಿ, ತುದಿಯಿಂದ ಬುಡದವರೆಗೆ ಜಾರಿ, ಮರಳು ಕೊಡವಿಕೊಂಡು ಮತ್ತೆ ಹತ್ತಿದರು. ಅದಾದ ಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು. “ಸಾಕು ಬಾರೇ, ಮೊಮ್ಮಕ್ಕಳಿದ್ದಾರೆ ನಿನಗೆ,” ಎಂದು ಅಕ್ಕ ಕೆಳಗಿನಿಂದ ಕೂಗಿದರೆ, “ಅವರು ಇಲ್ಲಿಲ್ಲವಲ್ಲ,” ಎಂದು ತಂಗಿ ಮೇಲಿನಿಂದ ಉತ್ತರ ಕೊಟ್ಟರು. ಮ್ಯೂಸಿಯಂನಲ್ಲಿ ಉಪ್ಪಿನ ಗೋಡೆಗಳನ್ನು ನೆಕ್ಕಬಾರದು ಎಂಬ ಫಲಕವಿದೆ. ಯಾರೂ ಇಲ್ಲವೆಂದುಕೊಂಡು ರಾಯರು ನೆಕ್ಕಿ ನೋಡಿದರು. ನಾನು ನೋಡಿದೆ, ಅವರು ನಾನು ನೋಡಿದ್ದನ್ನು ನೋಡಿದರು. “ಉಪ್ಪೇ,” ಅಂದರು. “ನಾನೂ ಬಂದ ಹೊಸದರಲ್ಲಿ ಪರೀಕ್ಷೆ ಮಾಡಿದ್ದೆ,” ಅಂದೆ. ಅಲ್ಲಿಂದಾಚೆಗೆ ನಾವಿಬ್ಬರೂ ಸ್ನೇಹಿತರಾದೆವು, ನನ್ನ ಅಂಜಿಕೆಯೂ ಇಮ್ಮಡಿಯಾಯಿತು. ನನ್ನಂಥವರು ಇಬ್ಬರಾದರೆ ಕುದುರೆಯ ಗತಿ ಏನು?

ಹೊತ್ತೇರಿತು. ಯಾವುದೋ ಮಾಳಿಗೆಯಿಂದ ಕೂಗು ಬಂತು. ಬಯಲಿನ ಅಂಚಿನಲ್ಲಿ ಸಾಲಾಗಿ ಹರಿಗೋಲುಗಳು ಹೊರಟವು. ಫಕೀರವ್ವ ತನ್ನ ತಂಡವನ್ನು ನಿಲ್ಲಿಸಿಕೊಂಡು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ನನ್ನ ಕೈಯಲ್ಲಿ ಹಗ್ಗ ಕಂಡು, “ಏನವ್ವಾ ಪ್ರೊಫೆಸರ, ಇವತ್ತ ಎಷ್ಟೊತ್ತಿಗೆ ತಿರಗಾಕಿ? ಮೊದಲ ಹೇಳಿದರ ನಾ ನನ್ನ ಮಂದೀನ ಒಳ್ಳೆ ನೆರಳಾಗ ಕುಂದರಸತೀನಿ,” ಅಂದಳು. ಅವಳ ತಂಡದವರೆಲ್ಲ ನಕ್ಕರು. ನಮ್ಮವರೂ ನಕ್ಕರು, ವಿಷಯ ಗೊತ್ತಿರಲಿಲ್ಲ, ಪಾಪ.

ರಾಯರು ಹರಿಗೋಲನ್ನು ಬಗ್ಗಿ ನೋಡಿದರು. “ಇದರಲ್ಲಿ ಬೆರಳು ತೂರೋ ಅಷ್ಟು ಸಂದಿದೆಯಲ್ಲಮ್ಮ.”

“ಒದ್ದೆ ಮಾಡದ ನೀರು ಸಂದಿಯಲ್ಲಿ ಬರುವುದಿಲ್ಲ ಸರ್.”

“ಯಾಕೆ ಬರೋದಿಲ್ಲ?”

“ಗೊತ್ತಿಲ್ಲ ಸರ್. ಬಂದದ್ದನ್ನು ಯಾರೂ ನೋಡಿಲ್ಲ.”

ಅವರು ತಲೆಯಾಡಿಸಿದರು. ಗೊತ್ತಿಲ್ಲ ಎಂಬ ಉತ್ತರ ಅವರಿಗೆ ಹಿಡಿಸಿದಂತೆ ಕಂಡಿತು. ನಾಲ್ವರೂ ಹಗ್ಗ ಹಿಡಿದೆವು. ನಾನು ಅತ್ತೆಯ ಹಾಗೆ ಬೈಯಲು ಬಾಯಿ ತೆರೆದೆ. ನನಗಿಂತ ಹಿರಿಯರನ್ನು ಹೇಗೆ ಬೈಯುವುದು? “ದಯವಿಟ್ಟು ಯಾರೂ ಹಿಂದೆ ನೋಡಬಾರದು,” ಅಂದೆ. ಅದು ಬಸ್ಸಿನೊಳಗೆ ಬರೆದ ಸೂಚನೆಯ ಹಾಗೆ ಕೇಳಿಸಿತು.

ಹೊರಟೆವು. ಹರಿಗೋಲು ಮರಳ ಮೇಲೆ ಕರಕರ ಎಂದು ನಮ್ಮನ್ನು ಹಿಂಬಾಲಿಸಿತು. ನನ್ನ ಇಡೀ ಮನಸ್ಸು ಕುತ್ತಿಗೆಯ ಹಿಂಬದಿಗೆ ಬಂದು ಕೂತಿತ್ತು. ಬೆನ್ನ ಹಿಂದಿನ ಬೆಳಕು ಅಲುಗಾಡುವುದು ಕಿವಿಯ ಬದಿಯಿಂದಲೇ ಗೊತ್ತಾಗುತ್ತಿತ್ತು. ತಿರುಗಬಾರದು ಎಂದುಕೊಂಡಷ್ಟೂ ಕುತ್ತಿಗೆಯ ನರ ಬಿಗಿಯಿತು. ತಿರುಗಬಾರದು ಎನ್ನುವುದು ತಿರುಗುವುದರ ಬಗ್ಗೆಯೇ ಯೋಚಿಸುವುದು ಎಂದು ಆಗ ನನಗೆ ಹೊಳೆಯಿತು, ಆದರೆ ಹೊಳೆದದ್ದರಿಂದ ಏನೂ ಉಪಯೋಗವಾಗಲಿಲ್ಲ.

“ಒಂದು ಪ್ರಶ್ನೆ,” ಎಂದರು ರಾಯರು. “ನೋಡದೆ ಇದ್ದರೆ ಅದು ಎಷ್ಟು ಹತ್ತಿರ ಬಂತು ಅಂತ ತಿಳಿಯೋದು ಹೇಗೆ?”

ನನ್ನದೇ ಪ್ರಶ್ನೆ ಅದು. ಬೇರೆಯವರ ಬಾಯಲ್ಲಿ ಕೇಳಿದ್ದೇ ತಡ, ನನ್ನ ಗದ್ದ ಎಡ ಭುಜದ ಕಡೆಗೆ ಸರಿಯಿತು. ರಾಯರದೂ ಸರಿಯುತ್ತಿತ್ತು, ಓರೆಗಣ್ಣಿಗೆ ಕಂಡಿತು. ಅಷ್ಟರಲ್ಲಿ ಪದ್ಮಾಸನಿಯಮ್ಮ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. “ಏನಾದ್ರೂ ಮಾತಾಡಮ್ಮಾ. ಸುಮ್ನೆ ನಡೆದ್ರೆ ನನಗೆ ಎದೆ ಡವಗುಟ್ಟುತ್ತೆ. ಅಲ್ಲಿ ನೀಲಿಯಾಗಿ ಕಾಣ್ತಿದೆಯಲ್ಲ, ಅದೇನು?”

ನಾನು ಊರಿನ ಕಡೆ ನೋಡಿದೆ. “ಅದು ನೀರಿನ ಟ್ಯಾಂಕು.”

“ಅರ್ಧ ಒಂದು ನೀಲಿ, ಅರ್ಧ ಇನ್ನೊಂದು ನೀಲಿ ಇದೆಯಲ್ಲ?”

“ಮೇಲಿನ ಓಣಿಯವರು ಮೇಲರ್ಧ ಬಳಿದರು, ಕೆಳಗಿನ ಓಣಿಯವರು ಕೆಳಗರ್ಧ. ಎರಡೂ ಒಂದೇ ಬಣ್ಣ ಅಂತ ಇಬ್ಬರೂ ಆಣೆ ಇಡುತ್ತಾರೆ. ಅದರ ಎದುರು ನಿಂತು ಬೇರೆ ಬೇರೆ ಅಂದರೆ ನಿಮಗೆ ಯಾರೂ ಚಹಾ ಕೊಡುವುದಿಲ್ಲ.”

“ನೀನು ಅಂದಿದ್ದೀಯಾ?”

“ಬಂದ ವಾರವೇ ಅಂದೆ. ಒಂದು ತಿಂಗಳು ಚಹಾ ಸಿಗಲಿಲ್ಲ. ಕೊನೆಗೆ ಎರಡೂ ಒಂದೇ, ಬೆಳಕು ಬೀಳುವ ಕೋನ ಬೇರೆ ಅಂತ ವಿವರಿಸಿದೆ. ಈಗ ಅವರು ಬಂದವರಿಗೆಲ್ಲ ಹಾಗೇ ಹೇಳುತ್ತಾರೆ, ಸೈನ್ಸ್ ಪ್ರಕಾರ ಅಂತ.”

ಪದ್ಮಾಸನಿಯಮ್ಮ ನಕ್ಕರು. ಮೊಣಕೈಯ ಹಿಡಿತ ಸ್ವಲ್ಪ ಸಡಿಲವಾಯಿತು. ವನಮಾಲಾ ಸಾಲಾಗಿ ಕಾಣುವ ಮಾಳಿಗೆಗಳನ್ನು ತೋರಿಸಿ ಅವು ಯಾರ ಮನೆಗಳೆಂದು ಕೇಳಿದರು. ನಾನು ಹೇಳತೊಡಗಿದೆ. ಕೆಂಪು ಮೆಣಸಿನಕಾಯಿ ಹರವಿದ್ದು ಫಕೀರವ್ವನ ಮಾಳಿಗೆ. ಅವಳು ಮೆಣಸಿನಕಾಯಿ ಕಾಯಲು ಗೂಟಕ್ಕೆ ಗಂಡನ ಹಳೆಯ ಕೋಟು ತೊಡಿಸಿ ನಿಲ್ಲಿಸಿದ್ದಾಳೆ, ಗಂಡನಿಗಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ ಎನ್ನುತ್ತಾಳೆ. ಅದರ ಆಚೆ ಸುಣ್ಣ ಬಳಿದದ್ದು ಶಾಲೆ. ಅದರ ಹಿಂದೆ ದಮ್ಮು ಎಳೆಯುವವರಂತೆ ಹೊಗೆ ಬಿಡುತ್ತಿರುವುದು ಖಾನಾವಳಿ, ಅಲ್ಲಿಯ ಶೇಂಗಾ ಚಟ್ನಿಯನ್ನು ನೀವು ಇವತ್ತು ಸಂಜೆ ತಿನ್ನಲೇಬೇಕು. ಮಾತಾಡುತ್ತ ಹಿಂದೆ ಹಿಂದೆ ನಡೆದಂತೆ ಊರು ಒಟ್ಟಾಗುತ್ತ ಬಂತು. ಅಷ್ಟು ದೂರದಿಂದ ಅದನ್ನು ನಾನು ನೋಡಿರಲಿಲ್ಲ. ನೋಡುವುದು ಹೇಗೆ? ಬಯಲಿಗೆ ಬಂದಾಗಲೆಲ್ಲ ನನ್ನ ಕಣ್ಣು ಇನ್ನೊಂದು ದಿಕ್ಕಿನಲ್ಲಿತ್ತು. ಓಣಿಗಳಲ್ಲಿ ಬಿಡಿಬಿಡಿಯಾಗಿ ಗೊತ್ತಿದ್ದ ಬಾಗಿಲು, ಕಟ್ಟೆ, ಬೇವಿನ ಮರ ಎಲ್ಲವೂ ಒಂದರ ಪಕ್ಕ ಒಂದು ಬಂದು ಕೂತವು. ಅವುಗಳಲ್ಲಿ ಪ್ರತಿಯೊಂದರ ಬಗ್ಗೆಯೂ ನನಗೆ ಹೇಳುವುದಿತ್ತು. ಇದನ್ನೆಲ್ಲ ಯಾವಾಗ ತಿಳಿದುಕೊಂಡೆ ಎಂದು ನನಗೇ ಆಶ್ಚರ್ಯವಾಯಿತು. ಮಜ್ಜಿಗೆ ಮಾರುವಾಗ ಇರಬೇಕು. ಮಜ್ಜಿಗೆ ಕುಡಿಯುವವರು ಸುಮ್ಮನೆ ಕುಡಿಯುವುದಿಲ್ಲ.

“ಅಲ್ಲಿ ಮಾಳಿಗೆ ಮೇಲೆ ಒಬ್ಬರು ಸೀರೆ ಬೀಸ್ತಿದ್ದಾರೆ,” ಎಂದರು ವನಮಾಲಾ.

“ನಮ್ಮ ಅತ್ತೆ.” ಉಳುಕಿದ ಕಾಲಿನಲ್ಲಿ ಅವರು ಮೆಟ್ಟಿಲು ಹತ್ತಿದ್ದಾದರೂ ಹೇಗೋ. ಕುರ್ಚಿಯ ಮೇಲೆ ಕೂತು, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಹಸಿರು ಸೀರೆಯೊಂದನ್ನು ಎಡಕ್ಕೂ ಬಲಕ್ಕೂ ಬೀಸುತ್ತಿದ್ದರು. ಬಾಯಿ ಆಡುತ್ತಿರುವುದು ಕಾಣಿಸುತ್ತಿರಲಿಲ್ಲ, ಆದರೆ ಆಡುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. “ಬೈಯುತ್ತಿದ್ದಾರೆ.”

“ಯಾಕೆ?”

“ಪ್ರೀತಿಗೆ.”

“ಆ ಗೋಪುರ ವಾಲಿದೆ,” ಎಂದರು ರಾಯರು ಇದ್ದಕ್ಕಿದ್ದಂತೆ. ಅವರೂ ಈಗ ಊರನ್ನೇ ದಿಟ್ಟಿಸುತ್ತಿದ್ದರು. “ಪಾರಿವಾಳದ ಗೋಪುರ. ದಕ್ಷಿಣಕ್ಕೆ ವಾಲಿದೆ. ಅದನ್ನು ಯಾರೂ ನೋಡ್ಕೊಳ್ಳಲ್ವಾ?”

“ಗೋಪುರ ನೆಟ್ಟಗಿದೆ ಸರ್. ಪಕ್ಕದ ಮನೆ ಉತ್ತರಕ್ಕೆ ವಾಲಿದೆ.”

“ಇಲ್ಲಮ್ಮ. ನಾನು ಬದುಕೆಲ್ಲ ಕಂಬ ನೋಡಿದವನು.”

“ನಾನು ಆ ಮನೆಯಲ್ಲಿ ಊಟ ಮಾಡಿದವಳು ಸರ್. ತಟ್ಟೆಯಲ್ಲಿ ಸಾರು ಉತ್ತರಕ್ಕೆ ಹರಿಯುತ್ತದೆ. ಗೋಪುರದ ಮೇಲೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದ್ದೇನೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.”

“ಯಾವ ಬದಿಯಿಂದ ಇಳಿಬಿಟ್ಟೆ?”

“ನಾಲ್ಕೂ ಬದಿಯಿಂದ.”

“ಹಾಗಾದರೆ ಮನೆ ಯಾಕೆ ವಾಲಿತು? ಅಡಿಪಾಯ ಕುಸೀತಾ?”

“ಅಡಿಪಾಯ ಗಟ್ಟಿಯಾಗಿದೆ. ಅದು ಗೌಂಡಿ ಚನ್ನಮಲ್ಲಪ್ಪನ ಸ್ವಂತ ಮನೆ. ಊರಿಗೆಲ್ಲ ಮನೆ ಕಟ್ಟಿಕೊಟ್ಟು, ಕೊನೆಗೆ ತನಗೊಂದು ಕಟ್ಟಿಕೊಳ್ಳಲು ಕೂತ. ಅವನಿಗೆ ಆ ಮನೆಯ ಮೇಲೆ ಎಷ್ಟು ಆಸೆಯಿತ್ತೆಂದರೆ...”

“ಚಾರುಮತೀ,” ಎಂದರು ವನಮಾಲಾ ಮೆಲ್ಲಗೆ. “ನನ್ನ ಸೀರೆಯ ಅಂಚು ತಣ್ಣಗಾಗ್ತಿದೆ.”

“ಒಂದು ನಿಮಿಷ ಅಮ್ಮಾ, ಇದನ್ನು ಮುಗಿಸಿಬಿಡುತ್ತೇನೆ. ಎಷ್ಟು ಆಸೆಯಿತ್ತೆಂದರೆ ಗೋಡೆಗೆ ಮುಖ ಕೊಡಲು ಅವನಿಗೆ ಧೈರ್ಯವೇ ಬರಲಿಲ್ಲ. ಬೆನ್ನು ಹಾಕಿ, ಕೈ ಹಿಂದೆ ಮಾಡಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತ ಹೋದ. ನೆಲವನ್ನೂ ಹಾಗೇ ಹಾಸಿದ. ದಾರಿಯಲ್ಲಿ ಹೋಗುವವರಿಗೆಲ್ಲ ವಾಲುವುದು ಕಾಣುತ್ತಿತ್ತು, ಆದರೆ ಅವನ ಸಂತೋಷ ನೋಡಿ ಯಾರಿಗೂ ಹೇಳಲು ಬಾಯಿ ಬರಲಿಲ್ಲ.”

“ಬೆನ್ನು ಹಾಕಿ ಗೋಡೆ ಕಟ್ಟಿದನೆ?” ರಾಯರು ಹಗ್ಗವನ್ನು ಬಿಟ್ಟು ಎರಡೂ ಕೈ ಸೊಂಟದ ಮೇಲಿಟ್ಟುಕೊಂಡರು. “ಹಾಗಿದ್ದೂ ಬಿದ್ದಿಲ್ಲ?”

“ಇಲ್ಲ. ಮೂರು ಮಕ್ಕಳ ಮದುವೆ ಅದೇ ಮನೆಯಲ್ಲಿ ಆಯಿತು. ಚೆಂಡು ಬಿಟ್ಟರೆ ಉತ್ತರದ ಗೋಡೆಗೆ ಹೋಗುತ್ತದೆ, ಹಾಗಾಗಿ ಮಕ್ಕಳಿಗೆ ಅದು ಊರಿನಲ್ಲೇ ಒಳ್ಳೆಯ ಮನೆ.”

ರಾಯರು ನಗಲು ಶುರುಮಾಡಿದರು. ನಗುತ್ತ ನಗುತ್ತ ಹಿಂದೆ ಸರಿದರು. ಆಗ ಏನೋ ಮೆತ್ತಗೆ ಬಂದು ನನ್ನ ಮಂಡಿಗೆ ಬಡಿಯಿತು. ಹರಿಗೋಲಿನ ಅಂಚು. ಕರಕರ ಸದ್ದು ಯಾವಾಗ ನಿಂತಿತೋ ನಾನು ಕೇಳಿಸಿಕೊಂಡಿರಲಿಲ್ಲ. ಮೀನಖಂಡದವರೆಗೆ ತಂಪು ಏರಿತ್ತು, ಬಿಸಿಲಲ್ಲಿ ನಡೆದು ಬಂದು ಹೊಸ ಮಡಕೆಗೆ ಕೆನ್ನೆ ಹಚ್ಚಿದಂತಹ ತಂಪು.

“ಹತ್ತಿ,” ಅಂದೆ. “ಊರಿನ ಕಡೆಯೇ ನೋಡುತ್ತ ಹತ್ತಿ.” ವನಮಾಲಾ ಚಂಗನೆ ಹತ್ತಿ ಕೂತರು. ರಾಯರು ಅಂಚು ಹಿಡಿದು, ಹರಿಗೋಲು ಎಷ್ಟು ಓಲುತ್ತದೆ ಎಂದು ಕೈಯಲ್ಲೇ ಅಂದಾಜು ಮಾಡಿ, ಹತ್ತಿದರು. ಪದ್ಮಾಸನಿಯಮ್ಮನವರನ್ನು ಮೇಲಿನಿಂದ ಇಬ್ಬರೂ ಎಳೆದರು, ಕೆಳಗಿನಿಂದ ನಾನು ನೂಕಿದೆ. “ನನ್ನಿಂದ ಮುಳುಗುತ್ತೆ, ನಾನು ಇಲ್ಲೇ ಇರ್ತೀನಿ,” ಎಂದು ಹೇಳುತ್ತಲೇ ಅವರು ಒಳಗೆ ಬಿದ್ದರು. ಮುಳುಗಲಿಲ್ಲ. ಸಂದುಗಳಿಂದ ಒಂದು ಹನಿಯೂ ಬರಲಿಲ್ಲ. ಕೊನೆಗೆ ನಾನು ಒಂದು ಕಾಲು ಎತ್ತಿಟ್ಟೆ. ಇನ್ನೊಂದು ಕಾಲು ಇನ್ನೂ ಮರಳ ಮೇಲಿತ್ತು. ಅಲ್ಲಿ ಅರೆಗಳಿಗೆ ನಿಂತೆ, ಹೆದರಿಕೆಯಿಂದಲ್ಲ, ಇಷ್ಟು ದಿನ ನನಗೆ ಸಿಗದಿದ್ದ ಹೆಜ್ಜೆ ಇದೇ ಅಲ್ಲವೇ ಎಂದು. ಆಮೇಲೆ ಅದನ್ನೂ ಎತ್ತಿದೆ.

ಹರಿಗೋಲು ತೇಲಿತು. ನಾನು ಹುಟ್ಟು ಹಾಕಿದೆ. ಗದಿಗೆಪ್ಪ ಅಂಗಳದಲ್ಲಿ, ಬರಿಯ ಗಾಳಿಯಲ್ಲಿ ನನಗೆ ಅದನ್ನು ಕಲಿಸಿದ್ದ. ನೀರಿನಲ್ಲಿಯೂ ಅದು ಹೆಚ್ಚುಕಡಿಮೆ ಹಾಗೇ ಇತ್ತು. ಮೂವರೂ ಒಟ್ಟಿಗೆ ತಿರುಗಿ ನೀರು ನೋಡಿದರು. ಸ್ವಲ್ಪ ದೂರದಲ್ಲಿ ಫಕೀರವ್ವನ ಹರಿಗೋಲು ತೇಲುತ್ತಿತ್ತು. ಅವಳು ಹಾಡು ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನು ನೋಡಿದಳು.

“ಯವ್ವಾ ಪ್ರೊಫೆಸರ,” ಎಂದು ಕೂಗಿದಳು, “ಕಾಲು ಎತ್ತೀದಿ, ಈಗರೆ ನೋಡ. ಇನ್ನ ಊರ್ ಕಡೀಗೇ ಮಾರಿ ಮಾಡಿ ಕುಂತೀಯಲ್ಲ.”

ನಿಜ. ನಾನು ಇನ್ನೂ ಊರನ್ನೇ ನೋಡುತ್ತಿದ್ದೆ. “ತಡೀರಿ ಫಕೀರವ್ವಾರ,” ಎಂದು ಕೂಗಿ ಹೇಳಿದೆ. “ಗೌಂಡಿಯ ಹೆಂಡತಿ ಅಡಿಗೆಮನೆ ನೋಡಿ ಏನಂದಳು ಅಂತ ಇವರಿಗೆ ಹೇಳಿಲ್ಲ.”

“ಅದನ್ನ ನಾ ಹೇಳತೀನಿ. ನೀ ನೋಡ,” ಅಂದಳು ಫಕೀರವ್ವ. ಅವಳ ದನಿಯಲ್ಲಿ ತಮಾಷೆಯಿರಲಿಲ್ಲ.

ಪದ್ಮಾಸನಿಯಮ್ಮ ಅಂಚಿನ ಮೇಲಿಂದ ಪೂರ್ತಿ ಬಾಗಿದ್ದರು. ಹೆದರಿಕೆಯೆಲ್ಲ ಎಲ್ಲಿ ಹೋಗಿತ್ತೋ. “ನಿಮ್ಮತ್ತೆ ಇಲ್ಲೂ ಇದ್ದಾರೆ ಕಣೇ,” ಅಂದರು. “ತಲೆಕೆಳಗಾಗಿ.”

ಆಗ ನೋಡಿದೆ. ನನ್ನ ಕೆಳಗೆ ಆಕಾಶವಿತ್ತು, ಅದರೊಳಗೆ ಇಡೀ ಊರು ಬುಡ ಮೇಲಾಗಿ ತೂಗುತ್ತಿತ್ತು. ಎರಡು ನೀಲಿಗಳ ಟ್ಯಾಂಕು, ನೆಟ್ಟಗಿನ ಗೋಪುರ, ವಾಲಿದ ಮನೆ, ಕೋಟು ತೊಟ್ಟ ಗೂಟ. ಕಿರಣ ಎಲ್ಲಿ ಬಾಗಬೇಕೋ ಅಲ್ಲೇ ಬಾಗಿತ್ತು. ನಾನು ಕರಿಹಲಗೆಯ ಮೇಲೆ ಬರೆದ ಒಂದು ಗೆರೆಯೂ ತಪ್ಪಿರಲಿಲ್ಲ. ಆ ಊರಿನ ಮಾಳಿಗೆಯ ಮೇಲೆ ಕೆಳಮುಖವಾಗಿ ಜೋತುಬಿದ್ದ ಶಿವಗಂಗವ್ವ ಉಳುಕಿದ ಕಾಲನ್ನೂ ಮರೆತು ಎದ್ದು ನಿಂತಿದ್ದರು. ಸೀರೆ ಬೀಸುವುದನ್ನು ನಿಲ್ಲಿಸಿ ಅದನ್ನು ಮುಖಕ್ಕೆ ಒತ್ತಿಕೊಂಡಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ, ತಲೆಕೆಳಗಾದ ಮುಖದಲ್ಲಿ ಅದು ಗೊತ್ತಾಗುವುದಿಲ್ಲ.

ಹುಟ್ಟು ನನ್ನ ಕೈಯಲ್ಲಿ ಒಂದೇ ಬದಿಗೆ ಓಡಿತು. ಹರಿಗೋಲು ಗಿರ್ರನೆ ತಿರುಗಿತು. ಊರು, ಬಯಲು, ದಿಬ್ಬ, ನೀರು, ಮತ್ತೆ ಊರು, ಮತ್ತೆ ಬಯಲು. ನಾನು ಕುತ್ತಿಗೆಯನ್ನು ಅಲುಗಿಸದೆ ಕೂತಿದ್ದೆ, ಎಲ್ಲವೂ ತಾವೇ ಸರದಿಯಲ್ಲಿ ಬಂದು ಮುಖ ತೋರಿಸಿ ಹೋಗುತ್ತಿದ್ದವು. ರಾಯರು ಕನ್ನಡಕ ಹಿಡಿದುಕೊಂಡು ನಗುತ್ತಿದ್ದರು. ವನಮಾಲಾ ಬೆಳಗ್ಗೆ ದಿಬ್ಬದ ಮೇಲೆ ಮಾಡಿದಂತೆ ಕಣ್ಣು ಮುಚ್ಚಿದ್ದರು. ಸುತ್ತು ನಿಧಾನವಾದಾಗ ಪದ್ಮಾಸನಿಯಮ್ಮ ತಲೆಗೂದಲು ಸರಿಮಾಡಿಕೊಂಡು, ನನ್ನ ಕೈಯ ಹುಟ್ಟನ್ನೂ ನನ್ನ ಮುಖವನ್ನೂ ನೋಡಿದರು.

“ಅಳೋದು ಆಮೇಲೆ ಅಳ್ತೀಯಂತೆ ಮಗಳೇ,” ಅಂದರು. “ಈಗ ಇನ್ನೊಂದು ಸುತ್ತು ಹಾಕು.”